ಎಡಿಟಿಂಗ್‌ಗೆ ಯಾವ ವಿಡಿಯೋ ಫಾರ್ಮ್ಯಾಟ್? ಟೈಮ್‌ಲೈನಿಗೆ ಎಳೆಯುವ ಮೊದಲು ಮಾಡಬೇಕಾದ ಕೆಲಸಗಳು

ಮಳೆಗಾಲ ಬಂತೆಂದರೆ ಮುಂಬೈ ಕನ್ನಡಿಗರಿಗೆ ಯಕ್ಷಗಾನದ ಸುಗ್ಗಿ. ಊರಿನಲ್ಲಿ ಮೇಳದ ತಿರುಗಾಟ ಮುಗಿಸಿದ ಕಲಾವಿದರು ಇಲ್ಲಿಗೆ ಬರುತ್ತಾರೆ. ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್, ಡೊಂಬಿವಲಿ ಅಂತ ಒಂದಾದ ಮೇಲೊಂದು ಆಟ. ಆಟ ಮುಗಿದ ಮರುದಿನ ಸಂಘದಲ್ಲಿ ಕಂಪ್ಯೂಟರ್ ಗೊತ್ತಿರುವ ಒಬ್ಬರ ಕೈಗೆ ಎಲ್ಲ ಫೈಲ್‌ಗಳೂ ಬಂದು ಬೀಳುತ್ತವೆ. ಹಾಲ್‌ನ ಹಿಂದೆ ನಿಲ್ಲಿಸಿದ್ದ ಹಳೇ ಹ್ಯಾಂಡಿಕ್ಯಾಮ್‌ನ ಫೈಲ್ ಒಂದು ಬಗೆ. ಯಾರೋ ಹುಡುಗ ತಂದಿದ್ದ ಮಿರರ್‌ಲೆಸ್ ಕ್ಯಾಮೆರಾದ್ದು ಇನ್ನೊಂದು ಬಗೆ. ಎರಡು ಐಫೋನ್, ಮೂರು ಆಂಡ್ರಾಯ್ಡ್ ಫೋನ್. ಲೈವ್ ಕೊಟ್ಟ ಲ್ಯಾಪ್‌ಟಾಪ್‌ನಿಂದ ಒಂದು ಎಂಕೆವಿ ಫೈಲ್. ಸೌಂಡ್‌ನವರು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಬರೀ ಆಡಿಯೋ.

ಇವೆಲ್ಲವನ್ನೂ ಒಟ್ಟಿಗೆ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನಿಗೆ, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಎಳೆದರೆ ಕೆಲವು ತೆರೆಯುವುದೇ ಇಲ್ಲ. ಕೆಲವು ತೆರೆದರೂ ತಡವರಿಸುತ್ತವೆ. ಕೆಲವು ಸರಿ ಇದ್ದಂತೆ ಕಂಡು, ಅರ್ಧ ಗಂಟೆಯ ನಂತರ ಚೆಂಡೆಯ ಪೆಟ್ಟು ಒಂದು ಕಡೆ, ವೇಷಧಾರಿಯ ಹೆಜ್ಜೆ ಇನ್ನೊಂದು ಕಡೆ ಆಗುತ್ತವೆ. ತೊಂದರೆಯ ಮೂಲ ಇಷ್ಟೇ: ಸಾಫ್ಟ್‌ವೇರ್ ತೆರೆಯಬಲ್ಲ ಫಾರ್ಮ್ಯಾಟ್ ಬೇರೆ, ಎಡಿಟ್ ಮಾಡಲು ಹದವಾದ ಫಾರ್ಮ್ಯಾಟ್ ಬೇರೆ. ಈ ವ್ಯತ್ಯಾಸ ತಿಳಿದುಕೊಂಡು, ಕಟ್ ಮಾಡಲು ಕೂರುವ ಮೊದಲು ಫೈಲ್‌ಗಳನ್ನು ಪರೀಕ್ಷಿಸಿ ಒಂದು ಹದಕ್ಕೆ ತಂದರೆ ಮುಂದಿನ ಕೆಲಸ ಸಲೀಸು. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಯಕ್ಷಗಾನದ ಉದಾಹರಣೆ ಜಾಸ್ತಿ ಬರುತ್ತದೆ, ಯಾಕೆಂದರೆ ಅಲ್ಲಿ ತಾಳ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮದುವೆ, ನಾಟಕ, ಗಣೇಶೋತ್ಸವ, ಭಾಷಣ ಯಾವುದಕ್ಕಾದರೂ ಕ್ರಮ ಇದೇ.

ಎಂಪಿ4 ಅಂದ ಮಾತ್ರಕ್ಕೆ ಏನೂ ಹೇಳಿದಂತಾಗುವುದಿಲ್ಲ

"ಅಣ್ಣಾ, ಎಂಪಿ4ನೇ ಕಳಿಸಿದ್ದೀನಲ್ಲ, ಮತ್ಯಾಕೆ ಓಪನ್ ಆಗ್ತಿಲ್ಲ?" ಇದು ಪದೇ ಪದೇ ಕೇಳುವ ಪ್ರಶ್ನೆ. ಎಂಪಿ4, ಎಂಒವಿ, ಎಂಕೆವಿ, ಎವಿಐ ಇವೆಲ್ಲ ಕಂಟೇನರ್‌ಗಳು, ಅಂದರೆ ಊಟದ ಡಬ್ಬಿ ಇದ್ದ ಹಾಗೆ. ಡಬ್ಬಿಯ ಆಕಾರ ನೋಡಿ ಒಳಗೆ ಅನ್ನವೋ ಚಪಾತಿಯೋ ಹೇಳಲಾಗುವುದಿಲ್ಲ. ಒಳಗೆ ಚಿತ್ರವನ್ನು ಯಾವ ಕ್ರಮದಲ್ಲಿ ಒತ್ತಿ ತುಂಬಿದ್ದಾರೆ ಅನ್ನುವುದನ್ನು ಕೋಡೆಕ್ ಹೇಳುತ್ತದೆ. ಒಂದೇ ಎಂಪಿ4 ಒಳಗೆ 2003ರ ಎಚ್.264 ಇರಬಹುದು, 2013ರ ಎಚ್.265 ಇರಬಹುದು, 2018ರ ಎವಿ1 ಕೂಡ ಇರಬಹುದು. ಎಚ್.265ಕ್ಕೇ ಎಚ್‌ಇವಿಸಿ ಎಂಬ ಇನ್ನೊಂದು ಹೆಸರಿದೆ.

ಕೋಡೆಕ್‌ಗಳಲ್ಲಿ ಎರಡು ಜಾತಿ ಇವೆ. ಇದನ್ನು ಅರ್ಥಮಾಡಿಕೊಂಡರೆ ಉಳಿದ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ. ಎಚ್.264, ಎಚ್.265ನಂಥವು ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರವನ್ನೂ, ಪೂರ್ತಿ ಉಳಿಸುವುದಿಲ್ಲ. ಒಂದು ಪೂರ್ಣ ಫ್ರೇಮ್ ಇಟ್ಟು, ನಂತರದ ಹತ್ತಾರು ಫ್ರೇಮ್‌ಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆದುಕೊಳ್ಳುತ್ತವೆ. ಹಾಗಾಗಿ ಫೈಲ್ ಚಿಕ್ಕದು. ಆದರೆ ಎಡಿಟ್ ಮಾಡುವಾಗ ನೀವು ನಡುವಿನ ಯಾವುದೋ ಫ್ರೇಮ್ ಮೇಲೆ ನಿಂತರೆ, ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮ್‌ಗೆ ಹೋಗಿ ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ತಡವರಿಕೆ ಅಲ್ಲಿಂದಲೇ ಹುಟ್ಟುವುದು. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ, ಡಿಎನ್‌ಎಕ್ಸ್‌ಎಚ್‌ಆರ್ ಇನ್ನೊಂದು ಜಾತಿ. ಇವು ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಉಳಿಸುತ್ತವೆ. ಫೈಲ್ ದೊಡ್ಡದು, ಕೆಲಸ ಹಗುರ. ಪ್ರೋರೆಸ್ 2007ರಲ್ಲಿ ಆಪಲ್ ತಂದದ್ದು. ಡಿಎನ್‌ಎಕ್ಸ್ ಎಂಬುದು ಅವಿಡ್ ಕಂಪನಿಯದು.

ಚಿಕ್ಕ ಫೈಲ್ ಅಂದರೆ ಹಗುರ ಫೈಲ್ ಅಲ್ಲ, ಇದೊಂದು ನೆನಪಿರಲಿ. ಹಾರ್ಡ್‌ಡಿಸ್ಕ್‌ಗೆ ಹಗುರವಾದದ್ದು ಪ್ರೊಸೆಸರ್‌ಗೆ ಭಾರ. ಪ್ರೊಸೆಸರ್‌ಗೆ ಹಗುರವಾದದ್ದು ಹಾರ್ಡ್‌ಡಿಸ್ಕ್‌ಗೆ ಭಾರ.

ಮೊದಲ ಹೆಜ್ಜೆ: ಫೈಲನ್ನು ಮೂಲರೂಪದಲ್ಲೇ ತರಿಸಿಕೊಳ್ಳಿ

ಫಾರ್ಮ್ಯಾಟ್ ಆರಿಸುವ ಮಾತು ಆಮೇಲೆ. ಕೈಗೆ ಬಂದದ್ದು ಮೂಲ ಫೈಲ್ ತಾನೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಅದು ಒತ್ತಿ ಚಿಕ್ಕದು ಮಾಡಿಯೇ ಕಳಿಸುತ್ತದೆ. ಒಮ್ಮೆ ಹೋದ ವಿವರ ಯಾವ ಸಾಫ್ಟ್‌ವೇರ್‌ನಿಂದಲೂ ವಾಪಸ್ ಬರುವುದಿಲ್ಲ. ಕಿರೀಟದ ಮಿನುಗು, ಮುಖದ ಬಣ್ಣದ ಗೆರೆ ಎಲ್ಲ ಕಲಸಿಹೋಗುತ್ತದೆ. ಕಳಿಸುವವರಿಗೆ ಹೇಳಿ: "ಡಾಕ್ಯುಮೆಂಟ್ ಆಗಿ ಕಳಿಸಿ." ಹಾಗೆ 2 ಜಿಬಿವರೆಗಿನ ಫೈಲ್ ಇದ್ದ ಹಾಗೇ ಬರುತ್ತದೆ. ಅದಕ್ಕಿಂತ ದೊಡ್ಡದಾದರೆ ಡ್ರೈವ್ ಲಿಂಕ್ ತರಿಸಿಕೊಳ್ಳಿ. ಮುಂದಿನ ಭಾನುವಾರ ಸಂಘಕ್ಕೆ ಬರುವವರಾದರೆ ಫೋನಿಗೇ ಸಿಕ್ಕಿಸಬಹುದಾದ ಒಟಿಜಿ ಪೆನ್‌ಡ್ರೈವ್ ಕೊಟ್ಟುಬಿಡಿ. ನನಗೆ ಪೆನ್‌ಡ್ರೈವ್ ದಾರಿಯೇ ಮೇಲು ಅನಿಸುತ್ತದೆ.

ಐಫೋನ್‌ನಿಂದ ಕೇಬಲ್ ಹಾಕಿ ವಿಂಡೋಸ್‌ಗೆ ಕಾಪಿ ಮಾಡುವವರು ಫೋನ್‌ನ ಫೋಟೋಸ್ ಸೆಟ್ಟಿಂಗ್‌ನಲ್ಲಿ ಕೆಳಗೆ ಇರುವ "ಕೀಪ್ ಒರಿಜಿನಲ್ಸ್" ಆರಿಸಬೇಕು. "ಆಟೋಮ್ಯಾಟಿಕ್" ಇದ್ದರೆ ಫೋನ್ ಕಾಪಿ ಮಾಡುವಾಗಲೇ ಫಾರ್ಮ್ಯಾಟ್ ಬದಲಿಸಲು ಹೋಗುತ್ತದೆ. ಉದ್ದ ವಿಡಿಯೋಗಳಲ್ಲಿ ಅರ್ಧಕ್ಕೇ ನಿಂತುಹೋಗುವುದೂ ಉಂಟು.

ಹ್ಯಾಂಡಿಕ್ಯಾಮ್ ಕಾರ್ಡ್ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಫಾರ್ಮ್ಯಾಟ್‌ನಲ್ಲಿ ಉದ್ದ ರೆಕಾರ್ಡಿಂಗ್ ಒಂದೇ ಫೈಲ್ ಆಗಿರುವುದಿಲ್ಲ. ತುಂಡು ತುಂಡಾದ ಎಂಟಿಎಸ್ ಫೈಲ್‌ಗಳಾಗಿರುತ್ತದೆ. ಒಳಗಿನ ಫೋಲ್ಡರ್‌ನಿಂದ ಬರೀ ಎಂಟಿಎಸ್‌ಗಳನ್ನು ಹೆಕ್ಕಿ ತಂದರೆ ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಆಡಿಯೋ ಕ್ಷಣಮಾತ್ರ ಕಡಿಯಬಹುದು. ಭಾಗವತರ ಪದ್ಯದ ನಡುವೆ ಆ ಕಡಿತ ಬಂದರೆ ಏನು ಮಾಡಿದರೂ ಮುಚ್ಚಲಾಗದು. ಅದಕ್ಕೆ ಇಡೀ ಕಾರ್ಡನ್ನು, "ಪ್ರೈವೇಟ್" ಎಂಬ ಹೊರ ಫೋಲ್ಡರ್ ಸಮೇತ, ಇದ್ದ ಹಾಗೇ ಕಾಪಿ ಮಾಡಿ. ಎಡಿಟಿಂಗ್ ಸಾಫ್ಟ್‌ವೇರ್‌ನ ಮೀಡಿಯಾ ಬ್ರೌಸರ್‌ನಿಂದ ಆ ಫೋಲ್ಡರ್ ತೆರೆದರೆ ತುಂಡುಗಳು ಒಂದೇ ಕ್ಲಿಪ್ ಆಗಿ ಕಾಣುತ್ತವೆ.

ಇನ್ನು 4 ಜಿಬಿಯ ತಡೆ. ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲ್ ಕೂರುವುದಿಲ್ಲ. ಮ್ಯಾಕ್ ಇರುವವರಿಗೂ ವಿಂಡೋಸ್ ಇರುವವರಿಗೂ ಓಡಾಡುವ ಡ್ರೈವ್ ಆದರೆ ಎಕ್ಸ್‌ಫ್ಯಾಟ್ ಮಾಡಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಒಳಗೇನಿದೆ ನೋಡಿ

ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಜಾತಕವೇ ತೆರೆದುಕೊಳ್ಳುತ್ತದೆ. ಬೇರೆ ಏನೂ ಇಲ್ಲದಿದ್ದರೆ ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ "ಕೋಡೆಕ್ ಇನ್ಫರ್ಮೇಶನ್" ಕೂಡ ಸಾಕು, ಆದರೆ ಅದು ಎಲ್ಲವನ್ನೂ ಹೇಳುವುದಿಲ್ಲ.

ನೋಡಬೇಕಾದದ್ದು ಇವು. ಫಾರ್ಮ್ಯಾಟ್ ಅಂದರೆ ಕೋಡೆಕ್ ಯಾವುದು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಫ್ರೇಮ್‌ಗಳು ಎಷ್ಟು, ಮತ್ತು ಅದರ ಪಕ್ಕದ ಮೋಡ್ "ಕಾನ್‌ಸ್ಟಂಟ್" ಎಂದಿದೆಯೋ "ವೇರಿಯಬಲ್" ಎಂದಿದೆಯೋ. ಬಿಟ್ ಡೆಪ್ತ್, ಅಂದರೆ ಬಣ್ಣದ ಮೆಟ್ಟಿಲುಗಳ ಸೂಕ್ಷ್ಮತೆ, 8 ಆಗಿದೆಯೋ 10 ಆಗಿದೆಯೋ. ಕ್ರೋಮಾ ಸಬ್‌ಸ್ಯಾಂಪ್ಲಿಂಗ್, ಅಂದರೆ ಬಣ್ಣದ ವಿವರ ಎಷ್ಟು ಉಳಿಸಿದೆ ಅನ್ನುವುದು, 4:2:0 ಆಗಿದೆಯೋ 4:2:2 ಆಗಿದೆಯೋ. ಸ್ಕ್ಯಾನ್ ಟೈಪ್ ಪ್ರೋಗ್ರೆಸಿವ್ (ಪೂರ್ತಿ ಫ್ರೇಮ್ ಒಟ್ಟಿಗೆ) ಹೌದೋ ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆ) ಹೌದೋ. ಎಚ್‌ಡಿಆರ್, ಅಂದರೆ ಬೆಳಕು ನೆರಳಿನ ಹೆಚ್ಚಿನ ಹರವು, ಎಂಬ ಸಾಲು ಇದೆಯೇ. ಕೊನೆಗೆ ಆಡಿಯೋ ಯಾವುದು, 48 ಕಿಲೋಹರ್ಟ್ಸ್ ಹೌದೇ.

ಒಂದು ಹಾಳೆಯಲ್ಲಿ ಪ್ರತಿ ಕ್ಯಾಮೆರಾದ ಹೆಸರಿನ ಮುಂದೆ ಇಷ್ಟನ್ನು ಬರೆದಿಟ್ಟುಕೊಳ್ಳಿ. ಒಂದೇ ಫೋನ್‌ನಿಂದ ಬಂದ ಫೈಲ್‌ಗಳು ಸಾಮಾನ್ಯವಾಗಿ ಒಂದೇ ಬಗೆ ಇರುವುದರಿಂದ ಪ್ರತಿಯೊಂದನ್ನೂ ನೋಡುವ ಅಗತ್ಯವಿಲ್ಲ. ಈ ಹಾಳೆ ಮುಂದೆ ಎಲ್ಲ ತೀರ್ಮಾನಕ್ಕೂ ಆಧಾರ.

ಮೂರನೇ ಹೆಜ್ಜೆ: ಫ್ರೇಮ್ ರೇಟ್ ಒಂದು ತೀರ್ಮಾನಕ್ಕೆ ಬರಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ತಾಳ ತಪ್ಪುವ ತೊಂದರೆ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಫೋನ್‌ಗಳು ಸಾಮಾನ್ಯವಾಗಿ ವೇರಿಯಬಲ್ ಫ್ರೇಮ್ ರೇಟ್‌ನಲ್ಲಿ ಚಿತ್ರೀಕರಿಸುತ್ತವೆ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಸೆಕೆಂಡಿಗೆ 30 ಇದ್ದದ್ದು 27ಕ್ಕೆ ಇಳಿಯಬಹುದು, ಮತ್ತೆ ಏರಬಹುದು. ಫೋನಿನಲ್ಲೇ ನೋಡುವಾಗ ಇದು ಗೊತ್ತಾಗುವುದಿಲ್ಲ. ಪ್ರತಿ ಫ್ರೇಮ್ ಯಾವ ಕ್ಷಣಕ್ಕೆ ಬರಬೇಕು ಅನ್ನುವುದು ಫೈಲ್‌ನಲ್ಲಿ ಬರೆದಿರುತ್ತದೆ, ಪ್ಲೇಯರ್ ಅದನ್ನು ಪಾಲಿಸುತ್ತದೆ. ಎಡಿಟಿಂಗ್ ಟೈಮ್‌ಲೈನ್ ಹಾಗಲ್ಲ. ಅದಕ್ಕೆ ಒಂದೇ ಅಳತೆಯ ಮನೆಗಳು ಬೇಕು. ಆಡಿಯೋ ತನ್ನ ಪಾಡಿಗೆ ನೇರ ಹೋಗುತ್ತದೆ, ಚಿತ್ರ ಮೆಲ್ಲಗೆ ಜಾರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಈಗ ಇದನ್ನು ಒಂದು ಮಟ್ಟಿಗೆ ಸಂಭಾಳಿಸುತ್ತವೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋನಲ್ಲಿ 2018ರಿಂದ ಆ ವ್ಯವಸ್ಥೆ ಇದೆ. ಹಾಗಿದ್ದೂ ಹತ್ತು ನಿಮಿಷಕ್ಕಿಂತ ಉದ್ದದ ಫೋನ್ ಕ್ಲಿಪ್ ಆದರೆ ನಾನು ಯಾವ ಸಾಫ್ಟ್‌ವೇರನ್ನೂ ನಂಬದೆ ಮೊದಲೇ ಕಾನ್‌ಸ್ಟಂಟ್ ಮಾಡಿಕೊಳ್ಳಿ ಎಂದೇ ಹೇಳುತ್ತೇನೆ.

ಸಣ್ಣ ಅಂತರ ಎಷ್ಟು ದೊಡ್ಡದಾಗುತ್ತದೆ ನೋಡಿ. 29.97ರ ಫೈಲನ್ನು ಸಾಫ್ಟ್‌ವೇರ್ 30 ಎಂದು ತಿಳಿದು ಓಡಿಸಿದರೆ ಒಂದು ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ. ಮೂರು ಗಂಟೆಯ ಪ್ರಸಂಗದಲ್ಲಿ ಹತ್ತು ಸೆಕೆಂಡ್ ದಾಟುತ್ತದೆ!

ಕಾನ್‌ಸ್ಟಂಟ್ ಮಾಡಲು ಹ್ಯಾಂಡ್‌ಬ್ರೇಕ್ ಸಾಕು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಬಗೆಯ ಕಂಪ್ಯೂಟರ್‌ಗಳಲ್ಲಿ ಓಡುತ್ತದೆ. ವಿಡಿಯೋ ಟ್ಯಾಬ್‌ಗೆ ಹೋಗಿ ಫ್ರೇಮ್ ರೇಟ್‌ನಲ್ಲಿ 30 ಅಥವಾ ಫೈಲ್‌ಗೆ ಹತ್ತಿರದ ಸಂಖ್ಯೆ ಆರಿಸಿ. "ಕಾನ್‌ಸ್ಟಂಟ್ ಫ್ರೇಮ್‌ರೇಟ್" ಗುಂಡಿ ಒತ್ತಿ. ಕ್ವಾಲಿಟಿಯ ಆರ್‌ಎಫ್ ಸಂಖ್ಯೆಯನ್ನು 18ರ ಸುತ್ತ ಇಡಿ. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಗುಣ ಹೆಚ್ಚು, ಫೈಲ್ ದೊಡ್ಡದು. ಮುಗಿದ ಮೇಲೆ ಹೊಸ ಫೈಲನ್ನು ಮತ್ತೆ ಮೀಡಿಯಾಇನ್ಫೋದಲ್ಲಿ ತೆರೆದು "ಕಾನ್‌ಸ್ಟಂಟ್" ಬಂದಿದೆಯೇ ನೋಡಿ. ನೇರವಾಗಿ ಪ್ರೋರೆಸ್ ಅಥವಾ ಡಿಎನ್‌ಎಕ್ಸ್ ಬೇಕಿದ್ದರೆ ಹ್ಯಾಂಡ್‌ಬ್ರೇಕ್‌ನ ಹಳೇ ಆವೃತ್ತಿಗಳು ಕೊಡುವುದಿಲ್ಲ. ಅದಕ್ಕೆ ಶಟರ್ ಎನ್‌ಕೋಡರ್ ಬಳಸಿ. ಅದೂ ಉಚಿತ. ಅದರಲ್ಲಿ ಫ್ರೇಮ್ ರೇಟ್ ಅನ್ನೂ ನೀವೇ ಆರಿಸಿ ಕೊಡಬೇಕು.

ಇನ್ನು ಟೈಮ್‌ಲೈನ್ 25 ಇರಲೋ 30 ಇರಲೋ? ನಮ್ಮ ದೇಶದ ಟಿವಿ ಪದ್ಧತಿ 25. ಹ್ಯಾಂಡಿಕ್ಯಾಮ್‌ಗಳೂ ಇಲ್ಲಿ ಮಾರುವಾಗ 25 ಅಥವಾ 50ಕ್ಕೆ ಹೊಂದಿಸಿರುತ್ತವೆ. ಫೋನ್‌ಗಳು ಮಾತ್ರ 30. ಮುಖ್ಯ ಕ್ಯಾಮೆರಾ ಯಾವುದೋ ಅದರ ಲೆಕ್ಕವನ್ನೇ ಹಿಡಿಯಿರಿ. ಪೂರ್ತಿ ಆಟವನ್ನು ಒಂದೇ ಕೋನದಿಂದ ಹಿಡಿದ ಹ್ಯಾಂಡಿಕ್ಯಾಮ್ 25 ಇದ್ದರೆ ಟೈಮ್‌ಲೈನ್ 25. ಫೋನಿನ 30ರ ತುಣುಕುಗಳು ಅದರಲ್ಲಿ ಕೂತಾಗ ಗಿರಗಿರ ಸುತ್ತುವ ಧೀಂಗಿಣದಂಥ ವೇಗದ ಚಲನೆಯಲ್ಲಿ ಸ್ವಲ್ಪ ಎಳೆದಂತೆ ಕಾಣಬಹುದು. ಆದರೆ ಮುಖ್ಯ ದೃಶ್ಯವೇ ಹಾಗೆ ಕಾಣುವುದಕ್ಕಿಂತ ಅದು ವಾಸಿ. ಎಲ್ಲವೂ ಫೋನಿನದ್ದೇ ಆದರೆ ಸುಮ್ನೆ 30 ಇಡಿ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು ಈ ತೀರ್ಮಾನವನ್ನು ಮೊದಲ ಕ್ಲಿಪ್ ಒಳಗೆ ತರುವ ಮುನ್ನವೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಹಾಕಬೇಕು. ಕ್ಲಿಪ್‌ಗಳು ಮೀಡಿಯಾ ಪೂಲ್‌ಗೆ ಬಂದ ನಂತರ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಿಸಲು ಅದು ಬಿಡುವುದಿಲ್ಲ. ಆಮೇಲೆ ಬೇಕೆಂದರೆ ಬೇರೆ ಸೆಟ್ಟಿಂಗ್‌ನ ಹೊಸ ಟೈಮ್‌ಲೈನ್ ಮಾಡಬೇಕು.

ಮುಂದಿನ ಕಾರ್ಯಕ್ರಮಕ್ಕೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಸ್. ಅದರಲ್ಲಿ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ರಂಗಸ್ಥಳದ ಮೇಲೆ ಪಟ್ಟೆ ಓಡುವುದಿಲ್ಲ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ ರೆಕಾರ್ಡ್ ವಿಡಿಯೋ ಒಳಗೆ "ಶೋ ಪಾಲ್ ಫಾರ್ಮ್ಯಾಟ್ಸ್" ಇದೆ. ಅದನ್ನು ಆನ್ ಮಾಡಿದರೆ 25 ಫ್ರೇಮ್‌ನ ಆಯ್ಕೆ ಬರುತ್ತದೆ. ಎಲ್ಲರೂ ಮೊದಲೇ 25ಕ್ಕೆ ಒಪ್ಪಿಕೊಂಡರೆ ಮೇಲಿನ ಅರ್ಧ ಪುರಾಣ ಬೇಡವೇ ಬೇಡ, ಅಲ್ವಾ?

ನಾಲ್ಕನೇ ಹೆಜ್ಜೆ: ನಿಮ್ಮ ಸಾಫ್ಟ್‌ವೇರ್ ಏನನ್ನು ಒಪ್ಪುತ್ತದೆ?

8-ಬಿಟ್, 4:2:0, ಎಚ್.264, ಎಂಪಿ4 ಅಥವಾ ಎಂಒವಿ. ಇದನ್ನು ಹೆಚ್ಚುಕಡಿಮೆ ಎಲ್ಲ ಸಾಫ್ಟ್‌ವೇರ್‌ಗಳೂ ತೆರೆಯುತ್ತವೆ. ಒಂದು ದೊಡ್ಡ ಅಪವಾದ ಇದೆ. ಲಿನಕ್ಸ್‌ನಲ್ಲಿ ಓಡುವ ಉಚಿತ ರಿಸಾಲ್ವ್ ಎಚ್.264, ಎಚ್.265 ಎರಡನ್ನೂ ತೆರೆಯುವುದಿಲ್ಲ. ಲಿನಕ್ಸ್ ಪ್ರಿಯರು ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಕೆಡಿಎನ್‌ಲೈವ್, ಶಾಟ್‌ಕಟ್ ಕಡೆ ಹೋಗಬೇಕು.

ವಿಂಡೋಸ್‌ನಲ್ಲಿ ಉಚಿತ ರಿಸಾಲ್ವ್ ಬಳಸುವವರಿಗೆ ಬರುವ ತೊಂದರೆ ಬೇರೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ 10-ಬಿಟ್ 4:2:2 ಫೈಲ್ ಹಾಕಿದರೆ ಶಬ್ದ ಮಾತ್ರ ಬಂದು, ಚಿತ್ರದ ಜಾಗದಲ್ಲಿ "ಮೀಡಿಯಾ ಆಫ್‌ಲೈನ್" ಎಂಬ ಕೆಂಪು ಪರದೆ ಬರುತ್ತದೆ. ಫೈಲ್ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿ ಬೇಕು, ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್‌ಗೆ ಬದಲಿಸಬೇಕು. ಈ ಎಚ್‌ಕ್ಯೂಎಕ್ಸ್ 10-ಬಿಟ್ ಬಣ್ಣವನ್ನು ಕಳೆಯುವುದಿಲ್ಲ. ಬರೀ ಎಚ್‌ಕ್ಯೂ ಆರಿಸಿದರೆ 8-ಬಿಟ್‌ಗೆ ಇಳಿಯುತ್ತದೆ. ಉಚಿತ ರಿಸಾಲ್ವ್‌ನಿಂದ 3840×2160 ಗಾತ್ರಕ್ಕಿಂತ ದೊಡ್ಡದನ್ನು ಹೊರತೆಗೆಯಲಾಗದು. ನಮ್ಮಂಥವರಿಗೆ ಅದು ಧಾರಾಳ.

ಎಂಕೆವಿ ವಿಷಯ ಸುಲಭ. ಪ್ರೀಮಿಯರ್ ಪ್ರೋದ ಹಳೇ ಆವೃತ್ತಿಗಳು, ಆಪಲ್‌ನ ಫೈನಲ್ ಕಟ್ ಪ್ರೋ ಅದನ್ನು ಒಪ್ಪುವುದಿಲ್ಲ. ಆದರೆ ಒಳಗಿರುವುದು ಸಾಮಾನ್ಯ ಎಚ್.264 ಆಗಿರುವುದರಿಂದ ಕಂಟೇನರ್ ಮಾತ್ರ ಬದಲಿಸಿದರೆ ಸಾಕು. ಲೈವ್ ಕೊಡುವವರು ಬಳಸುವ ಒಬಿಎಸ್‌ನಲ್ಲೇ ಫೈಲ್ ಮೆನುವಿನಲ್ಲಿ "ರೀಮಕ್ಸ್ ರೆಕಾರ್ಡಿಂಗ್ಸ್" ಇದೆ. ಒಂದು ಗಂಟೆಯ ವಿಡಿಯೋ ಕೂಡ ಬೇಗ ಎಂಪಿ4 ಆಗುತ್ತದೆ, ಗುಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಶಟರ್ ಎನ್‌ಕೋಡರ್‌ನಲ್ಲಿ ಇದೇ ಕೆಲಸಕ್ಕೆ "ರೀರ್ಯಾಪ್" ಎಂಬ ಆಯ್ಕೆ ಇದೆ. ಹಾಗಂತ ಲೈವ್ ಮಾಡುವವರಿಗೆ "ನೇರ ಎಂಪಿ4ನಲ್ಲೇ ರೆಕಾರ್ಡ್ ಮಾಡಿ" ಎನ್ನಬೇಡಿ. ನಡುವೆ ಕರೆಂಟು ಹೋದರೆ ಮಾಮೂಲಿ ಎಂಪಿ4 ಪೂರ್ತಿ ಕೆಡುತ್ತದೆ, ಎಂಕೆವಿ ಅಲ್ಲಿಯವರೆಗಿನದ್ದನ್ನು ಉಳಿಸಿಕೊಡುತ್ತದೆ.

ಐಫೋನ್‌ನ ಫೈಲ್ ತೆರೆದರೂ ಬಣ್ಣ ಬೆಳ್ಳಗೆ ಸುಟ್ಟಂತೆ ಕಾಣುತ್ತದೆಯೇ? ಅದು ಎಚ್‌ಡಿಆರ್. ಐಫೋನ್ 12ರಿಂದ ಈಚೆಗೆ ಬಂದ ಫೋನ್‌ಗಳಲ್ಲಿ ಇದು ಸಾಮಾನ್ಯ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಕ್ಲಿಪ್‌ನ ಬಣ್ಣದ ಪದ್ಧತಿಯನ್ನು ಎಚ್‌ಎಲ್‌ಜಿ (ಐಫೋನ್ ಬಳಸುವ ಎಚ್‌ಡಿಆರ್ ಬಗೆ) ಎಂದು ಗುರುತಿಸಿ, ಸಾಮಾನ್ಯ ಪರದೆಗಳ ಬಣ್ಣದ ಪದ್ಧತಿಯಾದ ರೆಕ್.709ಗೆ ಇಳಿಸಬೇಕು. ಸೀದಾ ಬ್ರೈಟ್‌ನೆಸ್ ಕಡಿಮೆ ಮಾಡಿದರೆ ಚರ್ಮದ ಬಣ್ಣ, ಕೇದಗೆ ಮುಂದಲೆಯ ಬಣ್ಣ ಎರಡೂ ಮಂಕಾಗುತ್ತವೆ. ಮುಂದಿನ ಸಲಕ್ಕೆ ಫೋನ್‌ನವರಿಗೆ ಎಚ್‌ಡಿಆರ್ ವಿಡಿಯೋ ಆಫ್ ಮಾಡಲು ಹೇಳಿ. ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿದರೆ ಎಚ್.265 ಬದಲು ಎಚ್.264 ಬರುತ್ತದೆ. ಆದರೆ ಜಾಗ ಜಾಸ್ತಿ ತಿನ್ನುತ್ತದೆ. 1080ಪಿ, 30 ಫ್ರೇಮ್‌ಗೆ ಒಂದು ನಿಮಿಷಕ್ಕೆ ಸುಮಾರು 60 ಎಂಬಿ ಇದ್ದದ್ದು 130 ಎಂಬಿ ಆಗುತ್ತದೆ. ಉದ್ದ ಆಟಕ್ಕೆ ಫೋನ್ ತುಂಬಿಹೋಗುವ ಭಯ ಇದ್ದರೆ ಎಚ್.265 ಇರಲಿ, ಬದಲಿಸುವ ಕೆಲಸ ನೀವು ಆಮೇಲೆ ಮಾಡಿಕೊಳ್ಳಬಹುದು.

ಹೊಸ ಕಂಪ್ಯೂಟರ್ ಕೂಡಿಸಲು ಲ್ಯಾಮಿಂಗ್ಟನ್ ರೋಡ್‌ಗೆ ಹೋಗುವವರಿದ್ದರೆ ಇದನ್ನೂ ಓದಿಕೊಂಡು ಹೋಗಿ. ಎಚ್.265ರ 10-ಬಿಟ್ 4:2:2 ಫೈಲನ್ನು ಬಿಚ್ಚುವ ಯಂತ್ರಾಂಶ ಎಲ್ಲ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಇರುವುದಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ. ಆಪಲ್‌ನ ಎಂ1ರಿಂದ ಇದೆ. ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 50 ಸರಣಿಯಿಂದ ಬಂತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರ ಇರುವ ಮಾಡೆಲ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಅಂಗಡಿಯವರು ಸ್ವಲ್ಪ ಅಗ್ಗ ಎಂದು ಅದನ್ನು ತೋರಿಸಿದರೆ ವಿಡಿಯೋ ಕೆಲಸದವರು ಬೇಡ ಎನ್ನುವುದೇ ಒಳ್ಳೆಯದು.

ಐದನೇ ಹೆಜ್ಜೆ: ಪ್ರಾಕ್ಸಿ ಮಾಡಬೇಕೋ, ಪೂರ್ತಿ ಬದಲಿಸಬೇಕೋ

ಎರಡು ದಾರಿ ಇವೆ. ಒಂದು, ಎಲ್ಲ ಫೈಲ್‌ಗಳನ್ನೂ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಗೆ ಬದಲಿಸಿ ಅದರಲ್ಲೇ ಕೆಲಸ ಮಾಡುವುದು. ಇನ್ನೊಂದು, ಮೂಲ ಫೈಲ್ ಹಾಗೇ ಇಟ್ಟು, ಅದರ ಹಗುರವಾದ ನಕಲಿನಲ್ಲಿ ಎಡಿಟ್ ಮಾಡಿ, ಕೊನೆಗೆ ಸಾಫ್ಟ್‌ವೇರೇ ಮೂಲವನ್ನು ಜೋಡಿಸುವಂತೆ ಮಾಡುವುದು. ಈ ಹಗುರ ನಕಲೇ ಪ್ರಾಕ್ಸಿ.

ಲೆಕ್ಕ ಹಾಕಿ ನೋಡೋಣ. 1080ಪಿ, 25 ಫ್ರೇಮ್‌ನಲ್ಲಿ ಪ್ರೋರೆಸ್‌ನ ಮಾಮೂಲಿ ದರ್ಜೆಯಾದ 422ಕ್ಕೆ ಗಂಟೆಗೆ ಸುಮಾರು 55 ಜಿಬಿ ಬೇಕು. ಅದಕ್ಕಿಂತ ಹಗುರವಾದ ಪ್ರೋರೆಸ್ ಎಲ್‌ಟಿಗೆ 38. ಪ್ರೋರೆಸ್ ಪ್ರಾಕ್ಸಿಗೆ 17. ಮೂರು ಗಂಟೆಯ ಆಟ, ಎರಡು ಕ್ಯಾಮೆರಾ. 422 ಮಾಡಿದರೆ 330 ಜಿಬಿ, ಪ್ರಾಕ್ಸಿ ಮಾಡಿದರೆ 102 ಜಿಬಿ. ಅದೇ 4ಕೆ ಆದರೆ 422 ಗಂಟೆಗೆ 221 ಜಿಬಿ ತಿನ್ನುತ್ತದೆ. ಮುಂಬೈ ಮನೆಗಳಲ್ಲಿ ಮಾತ್ರ ಅಲ್ಲ, ಹಾರ್ಡ್‌ಡಿಸ್ಕ್‌ನಲ್ಲೂ ಜಾಗ ದುಬಾರಿ. ಹಾಗಾಗಿ ಉದ್ದ ಕಾರ್ಯಕ್ರಮಗಳಿಗೆ ಪ್ರಾಕ್ಸಿಯೇ ಸರಿ. ಹತ್ತು ನಿಮಿಷದ ಕಿರುಚಿತ್ರವೋ ಸಂದರ್ಶನವೋ ಆದರೆ ಪೂರ್ತಿ ಬದಲಿಸಿಕೊಳ್ಳಿ, ತಲೆನೋವು ಕಡಿಮೆ.

ವೇಗದ ಲೆಕ್ಕವೂ ಇದೆ. 4ಕೆ ಪ್ರೋರೆಸ್ 422 ಸೆಕೆಂಡಿಗೆ ಸುಮಾರು 61 ಎಂಬಿ ಓದಿಸುತ್ತದೆ. ಮೂರು ಕ್ಯಾಮೆರಾ ಒಟ್ಟಿಗೆ ತೋರಿಸುವ ಮಲ್ಟಿಕ್ಯಾಮ್‌ನಲ್ಲಿ ಅದು 184 ಎಂಬಿ. ತಿರುಗುವ ಹಾರ್ಡ್‌ಡಿಸ್ಕ್ ಅಷ್ಟು ಕೊಡಲು ಏದುಸಿರು ಬಿಡುತ್ತದೆ. ಎಸ್‌ಎಸ್‌ಡಿ ಬೇಕು. 1080ಪಿ ಆದರೆ ಮೂರು ಕ್ಯಾಮೆರಾಗೆ 46 ಎಂಬಿಯ ಸುತ್ತ, ಸಾಮಾನ್ಯ ಹಾರ್ಡ್‌ಡಿಸ್ಕ್ ಸಾಕು.

ಪ್ರಾಕ್ಸಿ ಮಾಡುವ ಕ್ರಮ: ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ "ಕ್ರಿಯೇಟ್ ಪ್ರಾಕ್ಸೀಸ್". ರಿಸಾಲ್ವ್‌ನಲ್ಲಿ "ಜನರೇಟ್ ಪ್ರಾಕ್ಸಿ ಮೀಡಿಯಾ". ಫೈನಲ್ ಕಟ್‌ನಲ್ಲಿ "ಟ್ರಾನ್ಸ್‌ಕೋಡ್ ಮೀಡಿಯಾ". ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ ಸಿದ್ಧ. ಆದರೆ ಮೂರನೇ ಹೆಜ್ಜೆಯ ಫ್ರೇಮ್ ರೇಟ್ ಕೆಲಸ ಮುಗಿಸದೆ ಪ್ರಾಕ್ಸಿ ಮಾಡಬೇಡಿ. ಮೂಲ ವೇರಿಯಬಲ್, ನಕಲು ಕಾನ್‌ಸ್ಟಂಟ್ ಆಗಿಬಿಟ್ಟರೆ ನೀವು ನೋಡಿ ಕತ್ತರಿಸಿದ ಜಾಗ ಒಂದು, ಎಕ್ಸ್‌ಪೋರ್ಟ್‌ನಲ್ಲಿ ಬರುವ ಜಾಗ ಇನ್ನೊಂದು.

ಎಲ್ಲಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪ್ರತಿ ಕ್ಯಾಮೆರಾದಿಂದ ಒಂದು ಚಿಕ್ಕ ತುಣುಕು ತೆಗೆದು ಬದಲಿಸುವುದು, ಕತ್ತರಿಸುವುದು, ಕನ್ನಡ ಟೈಟಲ್ ಹಾಕುವುದು, ಎಕ್ಸ್‌ಪೋರ್ಟ್, ಎಲ್ಲವನ್ನೂ ಒಮ್ಮೆ ದಾಟಿಸಿ. ಟೈಟಲ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು "ಸೌತ್ ಏಷ್ಯನ್" ಎಂದಿರುವುದಕ್ಕೆ ಬದಲಿಸಿ. ಪೂರ್ತಿ ಫೈಲ್ ಬದಲಿಸಿದ ಮೇಲೆ ಇನ್ನೊಂದು ಪರೀಕ್ಷೆ: ಮೊದಲ ಚೆಂಡೆ ಪೆಟ್ಟು ಹೊಂದಿಸಿ, ಸೀದಾ ಕೊನೆಯ ಮಂಗಳದ ಜಾಗಕ್ಕೆ ಹೋಗಿ. ಅಲ್ಲೂ ಕೋಲು ಚೆಂಡೆಗೆ ತಾಗುವ ಫ್ರೇಮ್‌ನಲ್ಲೇ ಶಬ್ದ ಇದ್ದರೆ ನಡುವೆ ಎಲ್ಲ ಸರಿ ಇರುತ್ತದೆ. ಇದಕ್ಕಿಂತ ನಂಬಿಗಸ್ತ ಪರೀಕ್ಷೆ ಬೇರೆ ಇಲ್ಲ.

ಹಳೇ ಡಿವಿಡಿ, ಹಳೇ ಟೇಪು

ಬಹಳಷ್ಟು ಸಂಘಗಳ ಕಪಾಟಿನಲ್ಲಿ ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಡಿವಿಡಿ, ಮಿನಿಡಿವಿ ಟೇಪು ಇರುತ್ತವೆ. ಈಗ ಇಲ್ಲದ ಹಿರಿಯ ಕಲಾವಿದರ ವೇಷಗಳು ಅವುಗಳಲ್ಲಿ ಮಾತ್ರ ಉಳಿದಿರಬಹುದು. ದಯವಿಟ್ಟು ಅವುಗಳನ್ನು ಮುಂದೂಡಬೇಡಿ.

ಡಿವಿಡಿಯಲ್ಲಿ ಇರುವುದು ಎಂಪೆಗ್-2, 720×576, ಇಂಟರ್‌ಲೇಸ್ಡ್. ವಿಒಬಿ ಫೈಲ್‌ಗಳು 1 ಜಿಬಿಗೊಂದರಂತೆ ತುಂಡಾಗಿರುತ್ತವೆ. ಇಂಟರ್‌ಲೇಸ್ಡ್ ಅಂದರೆ ಒಂದು ಫ್ರೇಮ್‌ನ ಸಮ ಗೆರೆಗಳು ಒಂದು ಕ್ಷಣದವು, ಬೆಸ ಗೆರೆಗಳು ಮರುಕ್ಷಣದವು. ಈಗಿನ ಪರದೆಯಲ್ಲಿ ಕುಣಿತದ ಅಂಚುಗಳು ಬಾಚಣಿಗೆ ಹಲ್ಲಿನಂತೆ ಕಾಣುವುದು ಇದರಿಂದಲೇ. ಹ್ಯಾಂಡ್‌ಬ್ರೇಕ್‌ನಲ್ಲಿ ಡಿವಿಡಿಯ ಇಡೀ ಫೋಲ್ಡರ್ ತೆರೆದು, ಫಿಲ್ಟರ್ಸ್‌ನ ಡೀಇಂಟರ್‌ಲೇಸ್‌ನಲ್ಲಿ ಬಿಡಬ್ಲ್ಯೂಡಿಐಎಫ್ ಆರಿಸಿ, ಪ್ರೀಸೆಟ್ "ಬಾಬ್" ಇಡಿ, ಫ್ರೇಮ್ ರೇಟ್ 50 ಕೊಡಿ. ಹೀಗೆ ಮಾಡಿದರೆ ಎರಡೂ ಕ್ಷಣಗಳು ಉಳಿದು ಚಲನೆ ನಯವಾಗಿರುತ್ತದೆ. ಬಾಬ್ ಇಲ್ಲದೆ 25ಕ್ಕೆ ಇಳಿಸಿದರೆ ಅರ್ಧ ಚಲನೆ ಹೋಯಿತು.

ಮಿನಿಡಿವಿ ಟೇಪಿನ ಮೂಲ ಡಿವಿ ಎವಿಐಗೆ ಗಂಟೆಗೆ 13 ಜಿಬಿ ಬೇಕು. ಟೇಪಿನಿಂದ ಇಳಿಸಿಕೊಡುವ ಅಂಗಡಿಯವರು ಚಿಕ್ಕ ಎಂಪಿ4 ಮಾತ್ರ ಕೊಡಲು ನೋಡುತ್ತಾರೆ. ಮೂಲ ಎವಿಐ ಕೂಡ ಬೇಕೆಂದು ಮೊದಲೇ ಹೇಳಿ, ಹಾರ್ಡ್‌ಡಿಸ್ಕ್ ನೀವೇ ಕೊಡಿ.

ಆಡಿಯೋ

ಟೈಮ್‌ಲೈನ್‌ನಲ್ಲಿ ಎಲ್ಲವೂ 48 ಕಿಲೋಹರ್ಟ್ಸ್ ಇರಲಿ. ಮಿಕ್ಸರ್‌ನಿಂದ ಬಂದದ್ದು ಎಂಪಿ3 ಆಗಿದ್ದರೆ ವೇವ್‌ಗೆ ಬದಲಿಸಿ. ಗುಣ ಹೆಚ್ಚುವುದಿಲ್ಲ, ಆದರೆ ಹೊಂದಾಣಿಕೆ ಸುಲಭವಾಗುತ್ತದೆ. ಎಂಟಿಎಸ್ ಫೈಲ್‌ನಲ್ಲಿ ಚಿತ್ರ ಬಂದು ಶಬ್ದ ಬಾರದಿದ್ದರೆ ಒಳಗೆ ಡಾಲ್ಬಿಯ ಎಸಿ3 ಇರುತ್ತದೆ. ಶಟರ್ ಎನ್‌ಕೋಡರ್‌ನಲ್ಲಿ ಆಡಿಯೋ ಮಾತ್ರ ವೇವ್ ಮಾಡಿಕೊಂಡು ಪಕ್ಕದಲ್ಲಿ ಇಡಿ.

ಹೊರಗೆ ಕಳಿಸುವಾಗ, ಎತ್ತಿಡುವಾಗ

ಯೂಟ್ಯೂಬ್‌ಗೆ ಎಂಪಿ4, ಎಚ್.264, ಎಎಸಿ ಆಡಿಯೋ. 1080ಪಿ 25 ಅಥವಾ 30 ಫ್ರೇಮ್‌ಗೆ ಯೂಟ್ಯೂಬ್ ಹೇಳುವುದು 8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 50 ಅಥವಾ 60ಕ್ಕೆ 12. ವೇಷಭೂಷಣದ ಸಣ್ಣ ಸಣ್ಣ ಹೊಳಪು ಇರುವ ದೃಶ್ಯಗಳಿಗೆ ನಾನು ಅದರ ದುಪ್ಪಟ್ಟು ಕೊಡುತ್ತೇನೆ. ಯೂಟ್ಯೂಬ್ ಹೇಗೂ ಮತ್ತೆ ಒತ್ತುತ್ತದೆ, ಕೊಡುವಾಗಲೇ ತೆಳ್ಳಗೆ ಕೊಟ್ಟರೆ ಕೊನೆಗೆ ಉಳಿಯುವುದು ಕಡಿಮೆ. ಸಂಘದ ಟಿವಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ತೋರಿಸುವುದಾದರೆ 8-ಬಿಟ್ ಎಚ್.264 ಬಿಟ್ಟು ಬೇರೆ ಪ್ರಯೋಗ ಬೇಡ. ಕಾರ್ಯಕ್ರಮದ ದಿನಕ್ಕೆ ಕಾಯದೆ ಅದೇ ಟಿವಿಯಲ್ಲಿ ಒಮ್ಮೆ ಓಡಿಸಿ ನೋಡಿ.

ಕೆಲಸ ಮುಗಿದ ಮೇಲೆ ಪ್ರಾಕ್ಸಿಗಳನ್ನು ಅಳಿಸಿ, ಬೇಕಾದಾಗ ಮತ್ತೆ ಮಾಡಿಕೊಳ್ಳಬಹುದು. ಕ್ಯಾಮೆರಾದಿಂದ ಬಂದ ಮೂಲ ಫೈಲ್‌ಗಳು, ಕಾನ್‌ಸ್ಟಂಟ್ ಮಾಡಿದ ಫೋನ್ ಫೈಲ್‌ಗಳು, ಪ್ರಾಜೆಕ್ಟ್ ಫೈಲ್, ಮತ್ತು ಕೊನೆಯ ರೂಪದ ಒಂದು ದೊಡ್ಡ ಪ್ರತಿ, ಇಷ್ಟನ್ನು ಇಟ್ಟುಕೊಳ್ಳಿ. ಆ ಕೊನೆಯ ಪ್ರತಿ ಪ್ರೋರೆಸ್ ಎಲ್‌ಟಿಯಲ್ಲಿದ್ದರೆ ಮೂರು ಗಂಟೆಗೆ ಸುಮಾರು 114 ಜಿಬಿ. ನಾಳೆ ಯಾರಾದರೂ ಒಂದು ಪದ್ಯ ಮಾತ್ರ ಬೇಕು ಎಂದರೆ ಅದರಿಂದ ಕತ್ತರಿಸಿ ಕೊಡಬಹುದು. ಎರಡು ಡ್ರೈವ್‌ಗಳಲ್ಲಿ ಪ್ರತಿ ಮಾಡಿ, ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಮೀಡಿಯಾಇನ್ಫೋ ನೋಡಿ ಬರೆದ ಆ ಹಾಳೆಯ ಫೋಟೋ ತೆಗೆದು ಅದೇ ಫೋಲ್ಡರ್‌ನಲ್ಲಿ ಹಾಕಿ, ಪ್ರಸಂಗದ ಹೆಸರು, ದಿನಾಂಕ, ಹಾಲ್, ಭಾಗವತರು, ಮುಮ್ಮೇಳದ ಕಲಾವಿದರ ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡಿದ ಒಂದು ಟೆಕ್ಸ್ಟ್ ಫೈಲ್ ಕೂಡ ಜೊತೆಗಿಡಿ.